ಕಲಬುರಗಿ, ಬೀದರ್, ಯಾದಗಿರಿಯಿಂದ ವಿಮಾನ ಜೋಡಣೆಯ ಕೆಲಸಕ್ಕೆ: ಟ್ರೈನಿಯಾಗಿ ಸೇರುವ ದಾರಿ

ಬೀದರ್‌ನ ಮಕ್ಕಳಿಗೆ ವಿಮಾನ ಹೊಸದಲ್ಲ. ವಾಯುನೆಲೆಯಿಂದ ಏಳುವ ಹಾಕ್ ತರಬೇತಿ ವಿಮಾನಗಳ ಸದ್ದು ಕೇಳುತ್ತಲೇ ಶಾಲೆ ಮುಗಿಸುತ್ತಾರೆ. ಸೂರ್ಯಕಿರಣ ತಂಡದ ನೆಲೆಯೂ ಅಲ್ಲೇ. ಆದರೂ ವಿಮಾನದ ಕೆಲಸ ಅಂದ ಕೂಡಲೇ ನಮ್ಮ ಕಡೆ ಮನೆಗಳಲ್ಲಿ ನೆನಪಾಗುವುದು ಪೈಲಟ್, ಗಗನಸಖಿ, ಇಲ್ಲಾಂದ್ರೆ ದುಡ್ಡು ಸುರಿದು ಓದುವ ಏರೋನಾಟಿಕಲ್ ಎಂಜಿನಿಯರಿಂಗ್.

ಆ ಹಾಕ್‌ಗಳಲ್ಲಿ ಹೆಚ್ಚಿನವನ್ನು ಕಟ್ಟಿದ್ದು ಬೆಂಗಳೂರಿನ ಎಚ್‌ಎಎಲ್ ಕಾರ್ಖಾನೆಯಲ್ಲಿ. ಇಂಥ ಕಾರ್ಖಾನೆಗಳಲ್ಲಿ ಡ್ರಿಲ್ ಹಿಡಿಯುವವರು, ರಿವೆಟ್ ಹೊಡೆಯುವವರು, ವೈರ್ ಜೋಡಿಸುವವರು ಬಹುಪಾಲು ಐಟಿಐ ಇಲ್ಲವೇ ಡಿಪ್ಲೊಮಾ ಓದಿದವರು. ಅಂದರೆ ಸೇಡಂ, ಹುಮನಾಬಾದ್, ಶಹಾಪುರದಲ್ಲಿ ಕೂತು ಎಸ್‌ಎಸ್‌ಎಲ್‌ಸಿ ಆದ ಮೇಲೆ ಏನು ಮಾಡಲಿ ಅಂತ ಯೋಚಿಸುತ್ತಿರುವ ಹುಡುಗ ಅಥವಾ ಹುಡುಗಿಗೂ ಈ ಕೆಲಸ ಸಿಗುತ್ತದೆ. ಆ ದಾರಿಯನ್ನು ಹಂತ ಹಂತವಾಗಿ ಹೇಳುತ್ತೇನೆ.

ಮೊದಲು, ಇದು ಯಾವ ಕೆಲಸ ಅಂತ ತಿಳಿಯಿರಿ

ಇದು ಏರ್‌ಪೋರ್ಟ್ ಕೆಲಸವಲ್ಲ. ಬಳಕೆಯಲ್ಲಿರುವ ವಿಮಾನವನ್ನು ಪರೀಕ್ಷಿಸಿ ಸಹಿ ಹಾಕುವ ಎಎಂಇ (ವಿಮಾನ ನಿರ್ವಹಣಾ ಎಂಜಿನಿಯರ್) ಕೆಲಸವೂ ಅಲ್ಲ. ಎಎಂಇಗೆ ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಬೇಕು, ಕೇಂದ್ರದ ವಿಮಾನಯಾನ ನಿಯಂತ್ರಣ ಸಂಸ್ಥೆ ಡಿಜಿಸಿಎ ನಡೆಸುವ ಪರೀಕ್ಷೆಗಳನ್ನು ಪಾಸು ಮಾಡಿ ಲೈಸೆನ್ಸ್ ಪಡೆಯಬೇಕು. ಅದರ ಖರ್ಚೂ ಜಾಸ್ತಿ. ಜೋಡಣೆಯ ಕೆಲಸ ನಡೆಯುವುದು ಕಾರ್ಖಾನೆಯೊಳಗೆ. ಅಲ್ಯೂಮಿನಿಯಂ ಹಾಳೆ, ಪಕ್ಕೆಲುಬಿನಂಥ ಫ್ರೇಮ್‌ಗಳು, ಬ್ರಾಕೆಟ್‌ಗಳನ್ನು ಭಾಗಗಳನ್ನು ಅಲುಗದಂತೆ ಹಿಡಿದಿಡುವ ಜಿಗ್ ಮೇಲೆ ಕೂರಿಸಿ, ತೂತು ಕೊರೆದು, ರಿವೆಟ್ ಮತ್ತು ಬೋಲ್ಟ್ ಹಾಕಿ ರೆಕ್ಕೆಯೋ ಬಾಗಿಲೋ ಬಾಲವೋ ಮಾಡುವುದು. ಎಂಟು ತಾಸು ನಿಂತೇ ಇರಬೇಕು. ಶಿಫ್ಟ್ ಇರುತ್ತದೆ. ಸದ್ದು ಇರುತ್ತದೆ.

"ನೂರಕ್ಕೆ ನೂರು ಕೆಲಸ ಗ್ಯಾರಂಟಿ" ಅಂತ ಬೋರ್ಡ್ ಹಾಕಿ ಆರು ತಿಂಗಳ ಏವಿಯೇಷನ್ ಕೋರ್ಸ್ ಮಾರುವವರ ಹತ್ತಿರ ಹೋಗಿ ಸುಮ್ನೆ ಲಕ್ಷ ಕಳೆದುಕೊಳ್ಳಬೇಡಿ. ಆ ಕೋರ್ಸ್‌ಗಳಲ್ಲಿ ಹೆಚ್ಚಿನವು ಟಿಕೆಟ್ ಕೌಂಟರ್, ಲಗೇಜ್, ಗ್ರೌಂಡ್ ಸ್ಟಾಫ್ ಕಡೆಯವು. ಜೋಡಣೆ ಕಾರ್ಖಾನೆಯವರು ಮೊದಲು ಕೇಳುವುದು ನಿಮ್ಮ ಐಟಿಐ ಟ್ರೇಡ್ ಯಾವುದು ಅಂತ.

ಯಾವ ಟ್ರೇಡ್ ಹಿಡಿಯಬೇಕು

ನನ್ನ ಮಾತು ಕೇಳುವುದಾದರೆ, ಫಿಟ್ಟರ್. ಎರಡು ವರ್ಷದ ಕೋರ್ಸ್. ಫೈಲ್ ಮಾಡುವುದು, ಗುರುತು ಹಾಕುವುದು, ಡ್ರಿಲ್ ಮಾಡುವುದು, ಅಳೆಯುವುದು, ಹೊಂದಿಸುವುದು ಇದರ ಬೆನ್ನೆಲುಬು. ವಿಮಾನ ಜೋಡಣೆಗೆ ಬೇಕಿರುವುದೂ ಇವೇ. ಫಿಟ್ಟರ್ ಸೀಟು ಸಿಗದಿದ್ದರೆ ಒಂದು ವರ್ಷದ ಶೀಟ್ ಮೆಟಲ್ ವರ್ಕರ್ ಕೂಡ ಒಳ್ಳೆಯದೇ, ಆದರೆ ನಮ್ಮ ಕಡೆ ಅದನ್ನು ಕೇಳುವವರೇ ಕಡಿಮೆ. ಮಷಿನಿಸ್ಟ್ ಮತ್ತು ಟರ್ನರ್ ಮಾಡಿದವರಿಗೆ ಬಿಡಿಭಾಗ ತಯಾರಿಸುವ ಸಿಎನ್‌ಸಿ (ಕಂಪ್ಯೂಟರ್ ನಡೆಸುವ ಯಂತ್ರ) ಕಡೆ ಬೇಡಿಕೆ. ಎಲೆಕ್ಟ್ರಾನಿಕ್ ಮೆಕ್ಯಾನಿಕ್ ಮತ್ತು ಎಲೆಕ್ಟ್ರಿಷಿಯನ್ ಮಾಡಿದವರಿಗೆ ವೈರ್ ಹಾರ್ನೆಸ್ ವಿಭಾಗವಿದೆ. ನೂರಾರು ತಂತಿಗಳನ್ನು ಅಳತೆಗೆ ಕತ್ತರಿಸಿ, ಕ್ರಿಂಪ್ ಮಾಡಿ, ಕಟ್ಟು ಕಟ್ಟಿ, ನಂಬರ್ ಹಾಕುವ ಕೆಲಸ ಅಲ್ಲಿಯದು. ಐಟಿಐ ಪಟ್ಟಿಯಲ್ಲಿ ಏರೋನಾಟಿಕಲ್ ಸ್ಟ್ರಕ್ಚರ್ ಆಂಡ್ ಎಕ್ವಿಪ್‌ಮೆಂಟ್ ಫಿಟ್ಟರ್ ಎಂಬ ಟ್ರೇಡೂ ಇದೆ, ಆದರೆ ಅದನ್ನು ಕಲಿಸುವ ಸಂಸ್ಥೆಗಳು ಬಹಳ ಕಡಿಮೆ. ಅದಕ್ಕಾಗಿ ವರ್ಷ ಕಾಯಬೇಡಿ.

ಎಸ್‌ಎಸ್‌ಎಲ್‌ಸಿ ಆದ ಮೇಲೆ ನಾಲ್ಕು ವರ್ಷ ಓದಲು ಮನೆಯಲ್ಲಿ ತ್ರಾಣ ಇದ್ದರೆ ಸರ್ಕಾರದ ಟೂಲ್ ತರಬೇತಿ ಕೇಂದ್ರವಾದ ಜಿಟಿಟಿಸಿ ನೋಡಿ. ಕಲಬುರಗಿಯಲ್ಲೂ ಹುಮನಾಬಾದ್‌ನಲ್ಲೂ ಅದರ ಕೇಂದ್ರಗಳಿವೆ. ಅಲ್ಲಿನ ಟೂಲ್ ಆಂಡ್ ಡೈ ಮೇಕಿಂಗ್ ಡಿಪ್ಲೊಮಾದಲ್ಲಿ ಮೂರು ವರ್ಷ ಓದು, ಒಂದು ವರ್ಷ ಕಾರ್ಖಾನೆಯಲ್ಲಿ ತರಬೇತಿ. ಅಲ್ಲಿ ಕಲಿತವರ ಕೈಗೆ ಅಳತೆಯ ಶಿಸ್ತು ಬಂದಿರುತ್ತದೆ. ಕಲಬುರಗಿಯಲ್ಲಿ ಜರ್ಮನಿಯ ಸಹಯೋಗದಿಂದ ಶುರುವಾದ ಸರ್ಕಾರದ ಬಹುಕೌಶಲ ಕೇಂದ್ರವೂ ಇದೆ. ಐಟಿಐ ಮುಗಿಸಿ ಕೆಲಸಕ್ಕೆ ಕಾಯುತ್ತಿರುವವರು ಅಲ್ಲಿಗೆ ಹೋಗಿ ಚಿಕ್ಕ ಕೋರ್ಸ್‌ಗಳ ಬಗ್ಗೆ ಕೇಳಬಹುದು.

ಸರ್ಕಾರಿ ಐಟಿಐ ಅಂದರೆ ತುಕ್ಕು ಹಿಡಿದ ಲೇತ್ ಅನ್ನುವ ಕಾಲ ಸುಮಾರಾಗಿ ಹೋಗಿದೆ. ರಾಜ್ಯದ 150 ಸರ್ಕಾರಿ ಐಟಿಐಗಳಿಗೆ ಟಾಟಾ ಟೆಕ್ನಾಲಜೀಸ್ ಜೊತೆ ಸೇರಿ ಹೊಸ ಯಂತ್ರಗಳನ್ನು ಹಾಕಿಸಲಾಗಿದೆ. 2022ರ ಜೂನ್‌ನಲ್ಲಿ ಅವು ಉದ್ಘಾಟನೆ ಆದವು. ಅಡ್ಮಿಷನ್‌ಗೆ ಮೊದಲು ಒಂದು ದಿನ ವರ್ಕ್‌ಶಾಪ್ ಒಳಗೆ ಹೋಗಿ ನೋಡಿ. ಯಂತ್ರ ಇದೆಯೋ ಇಲ್ಲವೋ ಅನ್ನುವುದಕ್ಕಿಂತ ಮಕ್ಕಳು ಅದನ್ನು ಮುಟ್ಟುತ್ತಾರೋ ಇಲ್ಲವೋ ಅನ್ನುವುದು ಮುಖ್ಯ. ಕಬ್ಬಿಣದ ಪುಡಿ ನೆಲದ ಮೇಲಿದ್ದರೆ ಒಳ್ಳೆಯ ಗುರುತು.

371ಜೆ ಎಲ್ಲಿ ನೆರವಾಗುತ್ತದೆ, ಎಲ್ಲಿ ಇಲ್ಲ

ಸಂವಿಧಾನದ 371ಜೆ ವಿಧಿ ನಮ್ಮ ಭಾಗಕ್ಕೆ ಕೊಟ್ಟ ಮೀಸಲಾತಿಯ ಬಗ್ಗೆ ನಮ್ಮ ಕಡೆ ಗೊಂದಲ ಜಾಸ್ತಿ. ಕಲ್ಯಾಣ ಕರ್ನಾಟಕದ ಶಿಕ್ಷಣ ಮತ್ತು ವೃತ್ತಿ ತರಬೇತಿ ಸಂಸ್ಥೆಗಳಲ್ಲಿ ಸ್ಥಳೀಯರಿಗೆ ಶೇ. 70 ಸೀಟು, ರಾಜ್ಯದ ಉಳಿದ ಕಡೆ ಶೇ. 8 ಸೀಟು ಮೀಸಲು. ಓದಿಗೆ ಇದನ್ನು ಪೂರ್ತಿ ಬಳಸಿಕೊಳ್ಳಿ. ಸಹಾಯಕ ಆಯುಕ್ತರ ಕಚೇರಿಯಿಂದ ಅರ್ಹತಾ ಪ್ರಮಾಣಪತ್ರವನ್ನು ಫಲಿತಾಂಶಕ್ಕೆ ಮೊದಲೇ ಮಾಡಿಸಿಡಿ. ಆದರೆ ಕೇಂದ್ರ ಸರ್ಕಾರದ ಎಚ್‌ಎಎಲ್‌ಗೂ ಖಾಸಗಿ ಕಂಪನಿಗಳಿಗೂ 371ಜೆ ಅನ್ವಯಿಸುವುದಿಲ್ಲ. ಅಲ್ಲಿ ನಡೆಯುವುದು ನಿಮ್ಮ ಅಂಕ ಮತ್ತು ನಿಮ್ಮ ಕೈ ಮಾತ್ರ.

ಐಟಿಐ ಓದುವಾಗಲೇ ಕೈ ಪಳಗಿಸಿ

ಈ ಲೇಖನದಲ್ಲಿ ಒಂದೇ ಭಾಗ ಓದುತ್ತೇನೆ ಅನ್ನುವವರು ಇದನ್ನು ಓದಿ. ನಮ್ಮ ಭಾಗದ ಫಿಟ್ಟರ್‌ಗಳಲ್ಲಿ ಬಹಳ ಮಂದಿ ವಾಡಿ, ಸೇಡಂ, ಮಳಖೇಡದ ಸಿಮೆಂಟ್ ಕಾರ್ಖಾನೆಗಳ ಕಡೆ ಹೋಗುತ್ತಾರೆ. ಅಲ್ಲಿನ ಯಂತ್ರಗಳು ದೊಡ್ಡವು, ಅಲ್ಲಿಯ ಜಾಣತನವೇ ಬೇರೆ. ವಿಮಾನದಲ್ಲಿ ಮಾತಾಡುವುದು ಥೌ ಲೆಕ್ಕದಲ್ಲಿ. ಒಂದು ಥೌ ಅಂದರೆ ಇಂಚಿನ ಸಾವಿರದ ಒಂದು ಪಾಲು, 0.0254 ಮಿ.ಮೀ. ವರ್ನಿಯರ್ 0.02 ಮಿ.ಮೀ. ತನಕ, ಮೈಕ್ರೋಮೀಟರ್ 0.01 ಮಿ.ಮೀ. ತನಕ ಓದುತ್ತದೆ. ಇವೆರಡನ್ನೂ ತಡವರಿಸದೆ ಓದಲು ಬರಬೇಕು. ಇಂಚನ್ನು ಮಿ.ಮೀ.ಗೆ ಬದಲಿಸುವುದೂ ಬಾಯಲ್ಲೇ ಇರಬೇಕು. ಎಂಟನೇ ಒಂದು ಇಂಚು ಎಷ್ಟು ಅಂದ ಕೂಡಲೇ 3.175 ಅನ್ನಬೇಕು. ಯಾಕೆಂದರೆ ವಿಮಾನದ ರಿವೆಟ್‌ಗಳ ಅಳತೆ ಇವತ್ತಿಗೂ ಹೆಚ್ಚಾಗಿ ಇಂಚಿನಲ್ಲೇ ಇದೆ.

ವಿಮಾನದ ಒಂದು ಸಾಮಾನ್ಯ ರಿವೆಟ್‌ನ ಹೆಸರು ಹೀಗಿರುತ್ತದೆ: ಎಂಎಸ್20470ಎಡಿ4-5. ಮೊದಲ ಭಾಗ ತಲೆಯ ಆಕಾರ ಹೇಳುತ್ತದೆ. ಎಡಿ ಅಂದರೆ 2117 ಎಂಬ ಅಲ್ಯೂಮಿನಿಯಂ ಮಿಶ್ರಲೋಹ, ಗುರುತಿಗೆ ತಲೆಯ ನಡುವೆ ಸಣ್ಣ ಕುಳಿ ಇರುತ್ತದೆ. 4 ಅಂದರೆ ದಪ್ಪ 4/32 ಇಂಚು, ಅಂದರೆ ಎಂಟನೇ ಒಂದು. ಕೊನೆಯ 5 ಉದ್ದ, 5/16 ಇಂಚು. ಸಂದರ್ಶನದಲ್ಲಿ ಇಷ್ಟು ಬಿಡಿಸಿ ಹೇಳಿದರೆ ಎದುರಿಗೆ ಕೂತವರು ನಿಮ್ಮ ಮುಖ ಇನ್ನೊಮ್ಮೆ ನೋಡುತ್ತಾರೆ.

ಈಗ ಮಾಡಿ ನೋಡುವ ಅಭ್ಯಾಸ. ಒಂದು ಮಿ.ಮೀ. ದಪ್ಪದ ಅಲ್ಯೂಮಿನಿಯಂ ಹಾಳೆಯ ಎರಡು ಪಟ್ಟಿ ತನ್ನಿ. ಫ್ಯಾಬ್ರಿಕೇಷನ್ ಅಂಗಡಿಗಳಲ್ಲಿ ಕತ್ತರಿಸಿ ಉಳಿದ ತುಂಡುಗಳೇ ಸಾಕು. ಹಾರ್ಡ್‌ವೇರ್ ಅಂಗಡಿಯಿಂದ ಎಂಟನೇ ಒಂದು ಇಂಚಿನ ಅಲ್ಯೂಮಿನಿಯಂ ರಿವೆಟ್ ತನ್ನಿ. ಪಾತ್ರೆ ಹಿಡಿಕೆಗೆ ಹೊಡೆಯುವ ಗಟ್ಟಿ ರಿವೆಟ್ ಬೇಕು, ಪಾಪ್ ರಿವೆಟ್ ಬೇಡ. ಪಟ್ಟಿಗಳನ್ನು ಒಂದರ ಮೇಲೊಂದು ಕ್ಲಾಂಪ್ ಮಾಡಿ ಗುರುತು ಹಾಕಿ. ಅಂಚಿನಿಂದ ತೂತಿನ ನಡುವಿಗೆ ಕನಿಷ್ಠ ರಿವೆಟ್ ದಪ್ಪದ ಎರಡರಷ್ಟು, ಅಂದರೆ 6.4 ಮಿ.ಮೀ. ಜಾಗ ಬಿಡಿ. ತೂತಿನಿಂದ ತೂತಿಗೆ ಕನಿಷ್ಠ ಮೂರರಷ್ಟು, 9.6 ಮಿ.ಮೀ. ಪೆನ್ಸಿಲ್‌ನಿಂದ ಬೇಡ, ಮಾರ್ಕರ್‌ನಿಂದ ಗುರುತು ಮಾಡಿ. ಪೆನ್ಸಿಲ್‌ನ ಗ್ರಾಫೈಟ್ ಅಲ್ಯೂಮಿನಿಯಂ ಮೇಲೆ ಉಳಿದರೆ ಲೋಹವನ್ನು ತಿನ್ನುತ್ತದೆ. ಹಾಗಾಗಿ ಪೆನ್ಸಿಲ್ ಹಿಡಿಯುವ ರೂಢಿಯನ್ನು ಈಗಲೇ ಬಿಡಿ.

3.3 ಮಿ.ಮೀ. ಬಿಟ್ ಹಾಕಿ ನೆಟ್ಟಗೆ ಕೊರೆಯಿರಿ. ಡ್ರಿಲ್ ವಾಲಿದರೆ ತೂತು ಮೊಟ್ಟೆಯಾಕಾರ ಆಗುತ್ತದೆ. ಕೊರೆದ ಮೇಲೆ ಪಟ್ಟಿಗಳನ್ನು ಬಿಚ್ಚಲೇಬೇಕು. ಹೆಚ್ಚಿನವರು ಬಿಡುವ ಹೆಜ್ಜೆ ಇದೇ. ಎರಡು ಹಾಳೆಗಳ ನಡುವೆ ಲೋಹದ ಚೂರು ಮತ್ತು ತೂತಿನ ಬಾಯಲ್ಲಿ ಬರ್, ಅಂದರೆ ಲೋಹದ ಚೂಪು ಅಂಚು, ಉಳಿದಿರುತ್ತದೆ. ಅದನ್ನು ತೆಗೆಯದಿದ್ದರೆ ಹಾಳೆಗಳು ಒಂದಕ್ಕೊಂದು ಅಂಟಿ ಕೂರುವುದಿಲ್ಲ, ರಿವೆಟ್ ಆ ಸಂದಿಯೊಳಗೆ ಉಬ್ಬುತ್ತದೆ. ನಿಜವಾದ ವಿಮಾನದಲ್ಲಾದರೆ ಮೇಲೆ ಏರಿದಾಗಲೆಲ್ಲ ಒಳಗಿನ ಗಾಳಿಯ ಒತ್ತಡಕ್ಕೆ ಹೊರಮೈ ಹಿಗ್ಗುತ್ತದೆ, ಇಳಿದಾಗ ಕುಗ್ಗುತ್ತದೆ. ಸಾವಿರಾರು ಸಲ ಹೀಗಾದಾಗ ಬಿರುಕು ಹುಟ್ಟುವುದು ಇಂಥ ಒರಟು ಅಂಚಿನಿಂದಲೇ. ಬರ್ ತೆಗೆಯುವಾಗಲೂ ತೂತಿನ ಬಾಯಿ ಅಗಲವಾಗದಂತೆ ಹಗುರಾಗಿ ತೆಗೆಯಿರಿ.

ಎರಡೂ ಹಾಳೆ ಸೇರಿ 2 ಮಿ.ಮೀ., ಅದರ ಮೇಲೆ ರಿವೆಟ್ ದಪ್ಪದ ಒಂದೂವರೆ ಪಟ್ಟು, ಸುಮಾರು 4.8. ಅಂದರೆ ರಿವೆಟ್ ಕಾಲಿನ ಉದ್ದ ಸುಮಾರು 6.8 ಮಿ.ಮೀ. ಬೇಕು. ತಲೆಯನ್ನು ಸ್ನ್ಯಾಪ್ (ತಲೆ ಕೂರುವಷ್ಟು ಕುಳಿ ಇರುವ ಉಕ್ಕಿನ ಅಚ್ಚು) ಮೇಲೆ ಕೂರಿಸಿ ಹಿಂದಿನಿಂದ ಹೊಡೆಯಿರಿ. ಹೊಸದಾಗಿ ಮೂಡಿದ ತಲೆಯ ಅಗಲ ರಿವೆಟ್ ದಪ್ಪದ ಒಂದೂವರೆ ಪಟ್ಟು, 4.8 ಮಿ.ಮೀ., ಎತ್ತರ ಅರ್ಧ ಪಟ್ಟು, 1.6 ಮಿ.ಮೀ. ಬಂದರೆ ಸರಿ. ವರ್ನಿಯರ್ ಇಟ್ಟು ಅಳೆದು ಬರೆದಿಡಿ. ಮೊದಲು ಬರುವವು ಸೊಟ್ಟಗೇ ಇರುತ್ತವೆ. ಆಮೇಲೆ ಒಂದು ಕೆಟ್ಟ ರಿವೆಟ್ಟನ್ನು ಹಾಳೆ ಕೆಡದಂತೆ ಕೊರೆದು ತೆಗೆಯುವುದನ್ನು ಕಲಿಯಿರಿ. ಹೊಡೆಯುವುದಕ್ಕಿಂತ ಇದೇ ಕಷ್ಟ. ಕಣ್ಣಿಗೆ ಕನ್ನಡಕ ಇರಲಿ. ತಿರುಗುವ ಡ್ರಿಲ್ ಹಿಡಿಯುವಾಗ ಮಾತ್ರ ಗ್ಲೌಸ್ ಹಾಕಬೇಡಿ, ಬಟ್ಟೆ ಸಿಕ್ಕಿದರೆ ಬೆರಳನ್ನೂ ಎಳೆದುಕೊಳ್ಳುತ್ತದೆ.

ಹೊರಮೈಯಲ್ಲಿ ಗಾಳಿಗೆ ತಡೆ ಆಗಬಾರದಾದ ಕಡೆ ತಲೆ ಹಾಳೆಯ ಮಟ್ಟಕ್ಕೇ ಕೂರುವ ಕೌಂಟರ್‌ಸಂಕ್ ರಿವೆಟ್ ಹಾಕುತ್ತಾರೆ. ಅದರ ತಲೆಯ ಕೋನ 100 ಡಿಗ್ರಿ. ಬಿದರಿ ಕುಸುರಿಯಲ್ಲಿ ಬೆಳ್ಳಿ ತಂತಿ ಕರಿ ಲೋಹದೊಳಗೆ ಕೂತ ಹಾಗೆ ಅದು ಕೂರಬೇಕು. ಬೆರಳು ಆಡಿಸಿದರೆ ಎಲ್ಲೂ ತಡೆಯಬಾರದು.

ಎಲ್ಲಿ ಅರ್ಜಿ ಹಾಕಬೇಕು

ನಮ್ಮ ಮೂರು ಜಿಲ್ಲೆಗಳಲ್ಲಿ ವಿಮಾನ ಜೋಡಿಸುವ ದೊಡ್ಡ ಕಾರ್ಖಾನೆ ಇಲ್ಲ. ಊರು ಬಿಡಬೇಕು. ಬೀದರ್ ಮತ್ತು ಕಲಬುರಗಿಯವರು ಮೊದಲು ಹೈದರಾಬಾದ್ ನೋಡಬೇಕು ಅನ್ನುವುದು ನನ್ನ ಅಭಿಪ್ರಾಯ. ಬೀದರ್‌ನಿಂದ ಬಸ್ಸಿನಲ್ಲಿ ಕೆಲವೇ ತಾಸು. ದಖನಿ ಮಾತು ಬರುವವರಿಗೆ ಅದು ಪರ ಊರು ಅನಿಸುವುದೂ ಇಲ್ಲ. ಹೈದರಾಬಾದ್ ಹೊರವಲಯದ ಆದಿಬಟ್ಲದಲ್ಲಿ ಟಾಟಾ ಮತ್ತು ಬೋಯಿಂಗ್ ಜಂಟಿ ಕಾರ್ಖಾನೆ ಅಪಾಚೆ ಹೆಲಿಕಾಪ್ಟರ್‌ನ ಮೈಯನ್ನೂ 737 ವಿಮಾನದ ಬಾಲದ ಮೇಲೆ ನೆಟ್ಟಗೆ ನಿಲ್ಲುವ ರೆಕ್ಕೆಯನ್ನೂ ಮಾಡುತ್ತದೆ. ಟಾಟಾ ಮತ್ತು ಲಾಕ್‌ಹೀಡ್ ಮಾರ್ಟಿನ್ ಕಾರ್ಖಾನೆಯಲ್ಲಿ ಸಿ-130ಜೆ ಸಾಗಣೆ ವಿಮಾನದ ಬಾಲದ ಭಾಗ ಆಗುತ್ತದೆ.

ರಾಜ್ಯದೊಳಗೆ ಎಚ್‌ಎಎಲ್ ಬೆಂಗಳೂರು ಇದ್ದೇ ಇದೆ, 1940ರಿಂದ. ತುಮಕೂರು ಜಿಲ್ಲೆಯ ಗುಬ್ಬಿ ತಾಲ್ಲೂಕಿನಲ್ಲಿ 615 ಎಕರೆಯ ಅದರ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರವರಿಯಲ್ಲಿ ಉದ್ಘಾಟನೆ ಆಯಿತು. ಬೆಂಗಳೂರಿನ ಡೈನಮ್ಯಾಟಿಕ್, ಕೋಲಾರ ಜಿಲ್ಲೆ ನರಸಾಪುರದ ಮಹೀಂದ್ರಾ ಏರೋಸ್ಟ್ರಕ್ಚರ್ಸ್, ದೇವನಹಳ್ಳಿಯ ಏರೋಸ್ಪೇಸ್ ಪಾರ್ಕ್, ಬೆಳಗಾವಿ ಜಿಲ್ಲೆ ಹತ್ತರಗಿಯ ಏಕಸ್ ವಲಯ ಇವೂ ಪಟ್ಟಿಯಲ್ಲಿರಲಿ. ಯಾದಗಿರಿಯವರಿಗೆ ಬೆಂಗಳೂರಿನ ರೈಲು ನೇರ ಸಿಗುತ್ತದೆ.

ಅರ್ಜಿಗೆ ಮೊದಲ ಜಾಗ ಕೇಂದ್ರ ಸರ್ಕಾರದ ಅಪ್ರೆಂಟಿಸ್‌ಶಿಪ್ ಇಂಡಿಯಾ ಪೋರ್ಟಲ್. ಐಟಿಐ ಕೊನೆಯ ವರ್ಷದಲ್ಲೇ ಹೆಸರು ನೋಂದಾಯಿಸಿ. ಡಿಪ್ಲೊಮಾದವರಿಗೆ ನ್ಯಾಟ್ಸ್ ಪೋರ್ಟಲ್ ಬೇರೆ ಇದೆ. ಎಚ್‌ಎಎಲ್ ತನ್ನ ವೆಬ್‌ಸೈಟ್‌ನಲ್ಲಿ ಟ್ರೇಡ್ ಅಪ್ರೆಂಟಿಸ್ ಅಧಿಸೂಚನೆ ಹಾಕುತ್ತದೆ, ವಾರಕ್ಕೊಮ್ಮೆ ನೋಡುತ್ತಿರಿ. ಐಟಿಐಯ ಪ್ಲೇಸ್‌ಮೆಂಟ್ ಅಧಿಕಾರಿಯ ಬೆನ್ನು ಬಿಡಬೇಡಿ. ಯಾರಾದರೂ ಏಜೆಂಟ್ ಅಪ್ರೆಂಟಿಸ್ ಸೀಟಿಗೆ ಡೆಪಾಸಿಟ್ ಕೇಳಿದರೆ ಅಲ್ಲಿಂದ ಎದ್ದು ಬನ್ನಿ. ಅಪ್ರೆಂಟಿಸ್‌ಗೆ ಕಂಪನಿಯೇ ದುಡ್ಡು ಕೊಡಬೇಕು, ನೀವಲ್ಲ.

ಕಾಗದಪತ್ರದಲ್ಲಿ ಹೆಸರು ಒಂದೇ ಇರಲಿ

ನಮ್ಮ ಕಡೆ ಮಕ್ಕಳು ಸಿಕ್ಕಿಬೀಳುವುದು ಇಲ್ಲೇ. ಮಾರ್ಕ್ಸ್ ಕಾರ್ಡ್‌ನಲ್ಲಿ ಶರಣಬಸಪ್ಪ, ಆಧಾರ್‌ನಲ್ಲಿ ಶರಣಬಸವ, ಬ್ಯಾಂಕಿನಲ್ಲಿ ಇನಿಷಿಯಲ್ ಹಿಂದೆ ಮುಂದೆ. ಪೋರ್ಟಲ್ ಇದನ್ನು ಒಪ್ಪುವುದಿಲ್ಲ. ಸ್ಟೈಪೆಂಡ್‌ನಲ್ಲಿ ಸರ್ಕಾರದ ಪಾಲು ನೇರ ನಿಮ್ಮ ಖಾತೆಗೆ ಬರುತ್ತದೆ, ಹಾಗಾಗಿ ಆಧಾರ್ ಜೋಡಣೆಯಾದ ಖಾತೆ ಬೇಕೇ ಬೇಕು. ಎಸ್‌ಎಸ್‌ಎಲ್‌ಸಿ ಕಾರ್ಡ್‌ನಲ್ಲಿ ಇದ್ದಂತೆಯೇ ಎಲ್ಲವನ್ನೂ ತಿದ್ದಿಸಿ. ರಕ್ಷಣಾ ಕೆಲಸ ಮಾಡುವ ಕಡೆ ಪೊಲೀಸ್ ಪರಿಶೀಲನೆ ಇರುತ್ತದೆ. ಕಣ್ಣಿನ ಪರೀಕ್ಷೆಯೂ ಇರುತ್ತದೆ, ಬಣ್ಣ ಗುರುತಿಸುವುದೂ ಅದರಲ್ಲಿ ಸೇರಿದೆ. ವೈರಿಂಗ್ ಕಡೆ ಹೋಗುವವರು ಇದನ್ನು ಮೊದಲೇ ಊರಲ್ಲೇ ಪರೀಕ್ಷೆ ಮಾಡಿಸಿಕೊಳ್ಳಿ.

ಆಫರ್ ಬಂದಾಗ ಏನು ನೋಡಬೇಕು

ಅಪ್ರೆಂಟಿಸ್, ಕಂಪನಿ ಟ್ರೈನಿ, ಕಾಂಟ್ರ್ಯಾಕ್ಟ್ ಕೆಲಸಗಾರ ಈ ಮೂರೂ ಬೇರೆ ಬೇರೆ. 1961ರ ಅಪ್ರೆಂಟಿಸ್ ಕಾಯ್ದೆಯಡಿ ಸೇರಿದರೆ ಪೋರ್ಟಲ್‌ನಲ್ಲಿ ನಿಮ್ಮ ಹೆಸರಿನ ಒಪ್ಪಂದ ಇರುತ್ತದೆ, ಕೊನೆಗೆ ಪರೀಕ್ಷೆ ಬರೆದು ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಪ್ರಮಾಣಪತ್ರ ಸಿಗುತ್ತದೆ. ಎಲ್ಲರೂ ಎನ್‌ಎಸಿ ಅನ್ನುತ್ತಾರಲ್ಲ, ಅದೇ. ಕಂಪನಿ ಟ್ರೈನಿಗೆ ಸಂಬಳ ಸ್ವಲ್ಪ ಜಾಸ್ತಿ ಇರಬಹುದು, ಎನ್‌ಎಸಿ ಇರುವುದಿಲ್ಲ. ಮೊದಲ ವರ್ಷಕ್ಕೆ ನಾನು ಎನ್‌ಎಸಿ ಇರುವುದನ್ನೇ ಆರಿಸಲು ಹೇಳುತ್ತೇನೆ. ಮುಂದೆ ಬೇರೆ ಕಾರ್ಖಾನೆಗೆ ಹೋದಾಗ ಕೆಲಸ ಕಲಿತಿದ್ದಕ್ಕೆ ಅದೇ ಸಾಕ್ಷಿ.

ಐಟಿಐ ಪಾಸಾದವರಿಗೆ ಕನಿಷ್ಠ ಸ್ಟೈಪೆಂಡ್ ತಿಂಗಳಿಗೆ 7,000 ರೂಪಾಯಿ ಅಂತ 2019ರ ನಿಯಮದಲ್ಲಿ ಇತ್ತು. ಈಗಿನ ದರ ಪೋರ್ಟಲ್‌ನಲ್ಲಿ ನೋಡಿಕೊಳ್ಳಿ. ಅದು ಕನಿಷ್ಠ ಮಾತ್ರ, ಕೆಲವು ಕಂಪನಿಗಳು ಜಾಸ್ತಿ ಕೊಡುತ್ತವೆ. ಬೆಂಗಳೂರಲ್ಲಿ ಅಷ್ಟರಲ್ಲಿ ಬದುಕುವುದು ಕಷ್ಟ. ಅದಕ್ಕೇ ಕ್ಯಾಂಟೀನ್ ಇದೆಯಾ, ಬಸ್ ಇದೆಯಾ, ಹಾಸ್ಟೆಲ್ ಇದೆಯಾ ಅಂತ ಮೊದಲೇ ಕೇಳಿ. ಕೇಳುವುದಕ್ಕೆ ನಾಚಿಕೆ ಏಕೆ, ಅಲ್ವಾ? ಹೆಣ್ಣುಮಕ್ಕಳನ್ನು ಕಳಿಸುವ ತಂದೆ ತಾಯಿ ಒಮ್ಮೆ ಜೊತೆಗೆ ಹೋಗಿ ಉಳಿಯುವ ಜಾಗ ನೋಡಿ ಬನ್ನಿ. ನೋಡದೆಯೇ ಬೇಡ ಅನ್ನಬೇಡಿ. ತಾಳ್ಮೆ ಮತ್ತು ನಯವಾದ ಕೈ ಬೇಡುವ ಈ ಕೆಲಸದಲ್ಲಿ ಹುಡುಗಿಯರು ಚೆನ್ನಾಗಿ ಏಳಿಗೆ ಕಾಣುತ್ತಾರೆ. ತರಬೇತಿ ಮುಗಿದ ಮೇಲೆ ಕಂಪನಿ ಕೆಲಸ ಕೊಡಲೇಬೇಕು ಅಂತ ಕಾಯ್ದೆಯಲ್ಲಿ ಇಲ್ಲ ಅನ್ನುವುದನ್ನೂ ತಿಳಿದೇ ಸೇರಿ.

ಶಾಪ್ ಫ್ಲೋರ್‌ನಲ್ಲಿ ಮೊದಲ ತಿಂಗಳುಗಳು

ಒಳಗೆ ಹೋದ ದಿನವೇ ಕೇಳುವ ಪದ ಎಫ್‌ಒಡಿ. ವಿಮಾನದೊಳಗೆ ಬಿದ್ದು ಉಳಿದು ಹಾನಿ ಮಾಡುವ ಹೊರಗಿನ ವಸ್ತು. ಒಂದು ರಿವೆಟ್ ಚೂರು, ಒಂದು ಪೆನ್ ಕ್ಯಾಪ್, ಒಂದು ಉಂಗುರ ಸಾಕು. ಹಾಗಾಗಿ ಶಿಫ್ಟ್ ಶುರುವಿನಲ್ಲಿ ಟೂಲ್ ಎಣಿಸುತ್ತಾರೆ, ಕೊನೆಯಲ್ಲಿ ಎಣಿಸುತ್ತಾರೆ. ಟೂಲ್ ಬೋರ್ಡ್‌ನಲ್ಲಿ ಪ್ರತಿ ಸ್ಪ್ಯಾನರ್‌ಗೂ ಅದರ ಆಕಾರದ ಜಾಗ ಕೊರೆದಿರುತ್ತಾರೆ. ಒಂದು ಖಾಲಿ ಇದ್ದರೆ ಕೆಲಸ ನಿಲ್ಲಿಸಿ ಹುಡುಕಬೇಕು. ಟಾರ್ಕ್ ರೆಂಚ್ ಎತ್ತಿದಾಗ ಮೊದಲು ಅದರ ಮೇಲಿನ ಕ್ಯಾಲಿಬ್ರೇಷನ್ ಸ್ಟಿಕ್ಕರ್‌ನ ತಾರೀಖು ನೋಡಿ, ಅವಧಿ ಮುಗಿದಿದ್ದರೆ ಮುಟ್ಟಬೇಡಿ.

ರಿವೆಟ್ ಹೊಡೆಯುವುದು ಹೆಚ್ಚಾಗಿ ಇಬ್ಬರ ಕೆಲಸ. ಹೊರಗೆ ಒಬ್ಬರು ರಿವೆಟ್ ಗನ್ ಹಿಡಿದಿರುತ್ತಾರೆ, ಒಳಗೆ ಇನ್ನೊಬ್ಬರು ರಿವೆಟ್ ಕಾಲಿಗೆ ಬಕ್ಕಿಂಗ್ ಬಾರ್ ಎಂಬ ಲೋಹದ ಗಟ್ಟಿ ಒತ್ತಿ ಹಿಡಿದಿರುತ್ತಾರೆ. ನಡುವೆ ಹಾಳೆ, ಮುಖ ಕಾಣುವುದಿಲ್ಲ, ಸದ್ದಿಗೆ ಮಾತು ಕೇಳುವುದಿಲ್ಲ. ಅದಕ್ಕೆ ತಟ್ಟಿ ಹೇಳುವ ಸಂಕೇತ ಇದೆ. ಹಲವು ಕಡೆ ಒಂದು ಸಲ ತಟ್ಟಿದರೆ ಇನ್ನೂ ಹೊಡಿ, ಎರಡು ಸಲಕ್ಕೆ ಸರಿಯಾಗಿದೆ, ಮೂರು ಸಲಕ್ಕೆ ಕೆಟ್ಟಿದೆ, ತೆಗೆ. ನಿಮ್ಮ ಶಾಪ್‌ನ ಸಂಕೇತ ಏನು ಅಂತ ಮೊದಲ ದಿನವೇ ಕೇಳಿಕೊಳ್ಳಿ. ಟ್ರೈನಿಗೆ ಮೊದಲು ಸಿಗುವುದು ಬಾರ್ ಹಿಡಿಯುವ ಕೆಲಸ. ಬೇಜಾರು ಬೇಡ. ಒಳಗಿನ ತಲೆ ಹೇಗೆ ಮೂಡಿದೆ ಅಂತ ನೋಡುವುದು ಬಾರ್ ಹಿಡಿದವರೇ, ಹಾಗಾಗಿ ಆ ಮೂರು ತಟ್ಟು ತಟ್ಟುವ ಧೈರ್ಯವೂ ಅವರಿಗೇ ಇರಬೇಕು. ಎದುರಿಗೆ ಇಪ್ಪತ್ತು ವರ್ಷದ ಅನುಭವಿ ಇದ್ದರೂ ಸರಿ.

ತೂತು ದೊಡ್ಡದಾದರೆ, ಡ್ರಿಲ್ ಜಾರಿ ಗೀರು ಬಿದ್ದರೆ, ಆ ಕ್ಷಣವೇ ಕೈ ಎತ್ತಿ ಹೇಳಿ. ವಿಮಾನ ಕಾರ್ಖಾನೆಯಲ್ಲಿ ಕೆಟ್ಟ ತೂತಿಗೆ ದಾರಿ ಇದೆ. ಅದನ್ನು ಬರೆದು ಎಂಜಿನಿಯರ್‌ಗೆ ಕಳಿಸುತ್ತಾರೆ, ಅವರು ಒಂದು ಸೈಜ್ ದೊಡ್ಡ ರಿವೆಟ್ ಹಾಕಲು ಹೇಳಬಹುದು, ಬೇರೆ ರಿಪೇರಿ ಕೊಡಬಹುದು. ಸಂದಿ ಮುಚ್ಚುವ ಅಂಟಾದ ಸೀಲೆಂಟ್ ಬಳಿದು ಮುಚ್ಚಿದ ತಪ್ಪಿಗೆ ದಾರಿ ಇಲ್ಲ. ಅದು ಜನ ಕೂರುವ ವಿಮಾನದೊಳಗೆ ಹೋಗುತ್ತದೆ. ನಮ್ಮ ಶಾಲೆಗಳಲ್ಲಿ ತಪ್ಪು ಹೇಳಿದರೆ ಏಟು ಬೀಳುತ್ತದೆ ಅಂತ ಕಲಿತು ಬಂದ ಮಕ್ಕಳಿಗೆ ಇದು ಕಷ್ಟ, ನನಗೆ ಗೊತ್ತು. ಆದರೂ ಸೂಪರ್‌ವೈಸರ್‌ಗಳು ಟ್ರೈನಿಯಲ್ಲಿ ಮೊದಲು ಹುಡುಕುವುದು ಇದನ್ನೇ.

ಡ್ರಾಯಿಂಗ್ ಮತ್ತು ವರ್ಕ್ ಇನ್‌ಸ್ಟ್ರಕ್ಷನ್ ಇಂಗ್ಲಿಷ್‌ನಲ್ಲಿ ಇರುತ್ತವೆ. ಹೆದರಬೇಡಿ, ಅದೇ ಪದಗಳು ತಿರುಗಿ ತಿರುಗಿ ಬರುತ್ತವೆ. ಟಾಲರೆನ್ಸ್, ಪಿಚ್, ಎಡ್ಜ್ ಡಿಸ್ಟೆನ್ಸ್, ರೀಮ್, ಡಿಬರ್, ಫೇಯಿಂಗ್ ಸರ್ಫೇಸ್. ಸಣ್ಣ ನೋಟ್‌ಬುಕ್‌ನಲ್ಲಿ ಪದ ಬರೆದು ಪಕ್ಕದಲ್ಲಿ ಕನ್ನಡದಲ್ಲಿ ಅರ್ಥ ಬರೆದುಕೊಳ್ಳಿ. ಡ್ರಾಯಿಂಗ್ ತೆರೆದಾಗ ಮೊದಲು ಮೂಲೆಯ ಗುರುತು ನೋಡಿ ಅದು ಫಸ್ಟ್ ಆಂಗಲ್ಲೋ ಥರ್ಡ್ ಆಂಗಲ್ಲೋ ಅಂತ ಖಾತ್ರಿ ಮಾಡಿಕೊಳ್ಳಿ. ಭಾಗದ ಬೇರೆ ಬೇರೆ ಮಗ್ಗುಲಿನ ಚಿತ್ರಗಳನ್ನು ಹಾಳೆಯಲ್ಲಿ ಜೋಡಿಸುವ ಎರಡು ಪದ್ಧತಿಗಳಿವು. ಐಟಿಐಯಲ್ಲಿ ಕಲಿಯುವುದು ಫಸ್ಟ್ ಆಂಗಲ್, ಅಮೆರಿಕದ ಕಂಪನಿಗಳ ಡ್ರಾಯಿಂಗ್ ಥರ್ಡ್ ಆಂಗಲ್. ತಿರುವು ಮುರುವು ಓದಿದರೆ ಎಡಗಡೆಯ ಬ್ರಾಕೆಟ್ ಬಲಗಡೆ ಹೋಗುತ್ತದೆ.

ಅಪ್ರೆಂಟಿಸ್ ವರ್ಷ ಮುಗಿಯುವ ಮೊದಲೇ ಮುಂದಿನದು ಯೋಚಿಸಿ. ಎರಡು ವರ್ಷದ ಐಟಿಐ ಮಾಡಿದವರು ಲ್ಯಾಟರಲ್ ಎಂಟ್ರಿಯಲ್ಲಿ ನೇರ ಎರಡನೇ ವರ್ಷದ ಡಿಪ್ಲೊಮಾಕ್ಕೆ ಸೇರಬಹುದು. ಕೆಲಸದಲ್ಲೇ ಮುಂದುವರಿಯುವವರು ತಪಾಸಣೆ ವಿಭಾಗದ ಕಡೆ, ಸಿಎಂಎಂ ಅಳತೆ ಯಂತ್ರದ ಕಡೆ, ಲೋಹ ಒಡೆಯದೆ ಬಿರುಕು ಹುಡುಕುವ ಎನ್‌ಡಿಟಿ ಕಡೆ ಹೋಗಬಹುದು. ಯಾವ ಭಾಗದ ಮೇಲೆ, ಯಾವ ರಿವೆಟ್, ಯಾವ ಸೀಲೆಂಟ್, ಎಷ್ಟು ಟಾರ್ಕ್‌ನ ಕೆಲಸ ಮಾಡಿದಿರಿ ಅಂತ ವಾರವಾರ ಬರೆದಿಡಿ. ಕಂಪನಿಯ ಡ್ರಾಯಿಂಗ್ ಫೋಟೋ ತೆಗೆಯುವುದು, ಭಾಗದ ನಂಬರ್ ಹೊರಗೆ ಒಯ್ಯುವುದು ಬೇಡ, ಅದು ಕೆಲಸ ಹೋಗುವ ತಪ್ಪು. ಮಾಡಿದ ಕೆಲಸದ ಬಗೆ ಬರೆದರೆ ಸಾಕು. ಎನ್‌ಎಸಿ ಪರೀಕ್ಷೆಗೂ ಮುಂದಿನ ಸಂದರ್ಶನಕ್ಕೂ ಓದಿಕೊಳ್ಳಲು ಆ ನೋಟ್‌ಬುಕ್ಕೇ ಸಾಕಾಗುತ್ತದೆ.